ಅಪ್ಪನ ಫೋನಿಗೆ ನಿಮ್ಮ ಮೇಲ್ ಐಡಿ ಹಾಕಿ ಕೊಟ್ಟಿದ್ದೀರಾ? ಮೊದಲು ತೆಗೆಯಿರಿ

ಎರಡು ವರ್ಷದ ಹಿಂದೆ ಅಪ್ಪನಿಗೆ ಹೊಸ ಫೋನ್ ಕೊಡಿಸಿದೆ. ಅವರಿಗೇ ಅಂತ ಒಂದು ಮೇಲ್ ಐಡಿ ಮಾಡಿಕೊಡೋಕೆ ನನಗೆ ಬೇಜಾರು. ಪಾಸ್‌ವರ್ಡ್ ಮರೀತಾರೆ, ಆಮೇಲೆ ಬೆಂಗಳೂರಲ್ಲಿ ಕೂತು ಅರಸೀಕೆರೆಯ ಒಟಿಪಿ ಪುರಾಣ ಕೇಳಬೇಕು. ಸುಮ್ನೆ ನನ್ನ ಐಡಿಯನ್ನೇ ಹಾಕಿ ಕೊಟ್ಟುಬಿಟ್ಟೆ. ಐದು ನಿಮಿಷದ ಕೆಲಸ ಉಳಿಯಿತು. ಆ ಐದು ನಿಮಿಷ ನಮಗೆ ಎಷ್ಟು ದುಬಾರಿ ಬಿತ್ತು ಅಂತ ಹೇಳೋಕೆ ಇದನ್ನು ಬರೆಯುತ್ತಿದ್ದೇನೆ. ನನ್ನ ಆಫೀಸಲ್ಲಿ ಕೇಳಿ ನೋಡಿದೆ, ಅರ್ಧ ಜನ ಇದನ್ನೇ ಮಾಡಿದ್ದಾರೆ.

ಅಪ್ಪನಿಗೆ 68. ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷದಿಂದ ಇದೆ. ಮಾರ್ಚ್ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 2.1 ಬಂತು. ಡಾಕ್ಟರ್ ನನ್ನನ್ನು ಒಬ್ಬಳನ್ನೇ ಒಳಗೆ ಕರೆದರು. "ಕಿಡ್ನಿ ಸೋತಿದೆಯಮ್ಮ. ಬಿಪಿ ಮಾತ್ರೆ, ಪಥ್ಯ ತಪ್ಪದೆ ನಡೆದರೆ ಡಯಾಲಿಸಿಸ್ ದೂರ ತಳ್ಳಬಹುದು" ಅಂದರು. ಅಪ್ಪ ಬೇಗ ಗಾಬರಿಯಾಗುವ ಮನುಷ್ಯ. ಅವರಿಗೆ ಉಪ್ಪು ಕಡಿಮೆ ಮಾಡಬೇಕಂತೆ ಅಂತಷ್ಟೇ ಹೇಳೋಣ ಅಂತ ನಾನೂ ಅಮ್ಮನೂ ಮಾತಾಡಿಕೊಂಡೆವು.

ಬೆಂಗಳೂರಿಗೆ ಬಂದ ಮೇಲೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಫೋನ್ ಹಿಡಿದು ಹುಡುಕಿದ್ದೇ ಹುಡುಕಿದ್ದು. ಕ್ರಿಯಾಟಿನಿನ್ 2.1 ಅಂದರೆ ಏನು. ಡಯಾಲಿಸಿಸ್ ಯಾವಾಗ ಶುರು. ಕಿಡ್ನಿ ಹೋದ ಮೇಲೆ ಎಷ್ಟು ವರ್ಷ ಬದುಕುತ್ತಾರೆ. ಕಿಡ್ನಿ ಕಾಯಿಲೆ ಬಗ್ಗೆ ಹತ್ತಾರು ವಿಡಿಯೋ ನೋಡಿದೆ.

ಅದೆಲ್ಲವೂ ಅಪ್ಪನ ಫೋನಿನಲ್ಲಿ ಕಾಣುತ್ತಿತ್ತು ಅಂತ ನನಗೆ ಹೊಳೆಯಲೇ ಇಲ್ಲ.

ಐಡಿ ಒಂದೇ ಆದಮೇಲೆ ಅದು ಯಾರ ಕೈಯಲ್ಲಿರುವ ಫೋನ್ ಅಂತ ಯಂತ್ರಕ್ಕೇನು ಗೊತ್ತು? ಅಪ್ಪ ಅಡಿಕೆ ರೇಟು ನೋಡೋಣ ಅಂತ ಹುಡುಕುವ ಜಾಗ ಮುಟ್ಟಿದರೆ, ಕೆಳಗೆ ನಾನು ಹಿಂದಿನ ರಾತ್ರಿ ಕೇಳಿದ ಪ್ರಶ್ನೆಗಳು ಸಾಲಾಗಿ ನಿಂತಿರುತ್ತಿದ್ದವು. ವಿಡಿಯೋ ಆ್ಯಪ್ ತೆಗೆದರೆ ಹರಿಕಥೆ, ಯಕ್ಷಗಾನದ ಜಾಗದಲ್ಲಿ ಕಿಡ್ನಿ, ಕಿಡ್ನಿ, ಕಿಡ್ನಿ. ಅಪ್ಪ ಯಾರನ್ನೂ ಕೇಳಲಿಲ್ಲ. ಒಬ್ಬರೇ ಓದಿಕೊಂಡರು, ಒಬ್ಬರೇ ಹೆದರಿಕೊಂಡರು. "ಡಯಾಲಿಸಿಸ್ ಇಲ್ಲದೆ ಕಿಡ್ನಿ ವಾಸಿ" ಅನ್ನುವ ಒಂದು ಲಿಂಕ್ ಒತ್ತಿದರು.

ಅಲ್ಲಿಂದ ಶುರುವಾಯಿತು. ಇಂಥ ವೆಬ್‌ಸೈಟ್‌ಗಳಲ್ಲಿ ಕಣ್ಣಿಗೆ ಕಾಣದ ಒಂದು ಪುಟ್ಟ ಕೋಡ್ ಇರುತ್ತೆ, ಪಿಕ್ಸೆಲ್ ಅಂತಾರೆ. ಬಂದವರು ಯಾರು, ಯಾವ ಪುಟ ನೋಡಿದರು ಅನ್ನೋದನ್ನ ಅದು ಜಾಹೀರಾತು ಕಂಪನಿಗೆ ಮುಟ್ಟಿಸುತ್ತೆ. ಮಾರುವವನು "ನನ್ನ ಪುಟಕ್ಕೆ ಬಂದು ಏನೂ ಕೊಳ್ಳದೆ ಹೋದವರಿಗೆ ಮತ್ತೆ ತೋರಿಸು" ಅಂದರೆ ಸಾಕು, ಸೋಷಿಯಲ್ ಮೀಡಿಯಾದಲ್ಲಿ ಅದೇ ಜಾಹೀರಾತು ಬೆನ್ನು ಹತ್ತುತ್ತೆ. ಫೋನ್ ನಮ್ಮ ಮಾತು ಕದ್ದು ಕೇಳುತ್ತೆ ಅಂತ ಜನ ಹೇಳ್ತಾರಲ್ವಾ? ಇಲ್ಲಿ ಮೈಕಿನ ಅಗತ್ಯವೇ ಇರಲಿಲ್ಲ. ನಾವೇ ಬೆರಳಲ್ಲಿ ಒತ್ತಿ ಒತ್ತಿ ಹೇಳಿದ್ದೆವು.

ಜಾಹೀರಾತಿನ ಕೆಳಗೆ "ಉಚಿತ ಸಲಹೆ" ಅನ್ನೋ ಬಟನ್. ಒತ್ತಿದರೆ ಫಾರಂ. ಅದರಲ್ಲಿ ಅಪ್ಪನ ಹೆಸರು, ಮೊಬೈಲ್ ನಂಬರ್ ಮೊದಲೇ ತುಂಬಿತ್ತಂತೆ, ಅವರ ಸೋಷಿಯಲ್ ಮೀಡಿಯಾ ಪ್ರೊಫೈಲಿನಿಂದಲೇ ಎತ್ತಿಕೊಂಡದ್ದು. ಬರೆಯಬೇಕಾದ್ದು ಏನೂ ಇಲ್ಲ, ಇನ್ನೊಂದು ಸಲ ಒತ್ತಿದರೆ ಮುಗಿಯಿತು. ಹತ್ತು ನಿಮಿಷದಲ್ಲಿ ಫೋನ್ ಬಂತು. ಒಳ್ಳೆ ಕನ್ನಡ, ಒಳ್ಳೆ ವಿನಯ. "ಅಪ್ಪಾಜಿ, ನಿಮ್ಮ ಮಕ್ಕಳಿಗೆ ಭಾರ ಆಗೋದು ಬೇಡ ಅಲ್ವಾ?" ಅಂದಳಂತೆ ಆ ಹುಡುಗಿ. ಈ ಒಂದು ಮಾತಿಗೆ ನನಗೆ ಇವತ್ತಿಗೂ ಮೈ ಉರಿಯುತ್ತೆ.

ಮೊದಲ ಡಬ್ಬಿಗೆ 5,800 ರೂಪಾಯಿ, ಮನೆ ಬಾಗಿಲಲ್ಲಿ ನಗದು. ಎರಡನೇ ಕಂತಿಗೆ 9,200, ಯುಪಿಐ. ಕಂದು ಬಣ್ಣದ ಪುಡಿ. ಒಳಗೆ ಏನೇನಿದೆ ಅಂತ ಡಬ್ಬಿಯ ಮೇಲೆ ಒಂದಕ್ಷರ ಇಲ್ಲ. ಹೋಗಲಿ, ದುಡ್ಡು ಹಾಳಾಗಲಿ. ಇಂಗ್ಲಿಷ್ ಮಾತ್ರೆ ನಿಲ್ಲಿಸಿದರೆ ಮಾತ್ರ ಪುಡಿ ಕೆಲಸ ಮಾಡುತ್ತೆ ಅಂತ ಹೇಳಿದ್ದರು. ಅಪ್ಪ ಬಿಪಿ ಮಾತ್ರೆಯನ್ನು ದಿನಾ ಡಬ್ಬಿಯಿಂದ ತೆಗೆದು ಹಿತ್ತಿಲಿಗೆ ಎಸೆಯುತ್ತಿದ್ದರು, ಅಮ್ಮನಿಗೆ ಅನುಮಾನ ಬರಬಾರದು ಅಂತ.

ಜೂನ್‌ನಲ್ಲಿ ಕಾಲು ಊದಿಕೊಂಡು ಆಸ್ಪತ್ರೆಗೆ ಹೋದಾಗ ಕ್ರಿಯಾಟಿನಿನ್ 3.4. ಬಿಪಿ 190. ಅವತ್ತು ಎಲ್ಲ ಹೊರಗೆ ಬಂತು. ನಾನು ಕೂಗಾಡಿದೆ. ಅಪ್ಪ ತುಂಬಾ ಹೊತ್ತು ಸುಮ್ಮನಿದ್ದು, "ನೀನು ಫೋನಿಗೆ ಹೇಳಿದ್ದನ್ನ ನನಗೆ ಹೇಳಬಾರದಿತ್ತೇನಮ್ಮ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಕಾನೂನು ಏನು ಹೇಳುತ್ತೆ ಅಂತ ಕೂತು ಓದಿದೆ. ತಮಾಷೆ ಅಂದರೆ, ಇಂಥ ಜಾಹೀರಾತು ಮೊಬೈಲ್ ಫೋನ್ ಹುಟ್ಟುವ ಮೊದಲಿಂದಲೇ ತಪ್ಪು. 1954ರಷ್ಟು ಹಿಂದೆಯೇ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಬಂದಿದೆ. ಇಂಥಿಂಥ ಕಾಯಿಲೆ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡಬಾರದು ಅಂತ ಅದರಲ್ಲಿ ಒಂದು ಪಟ್ಟಿಯೇ ಇದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್ ಅದರಲ್ಲಿವೆ. "ಬ್ರೈಟ್ಸ್ ಡಿಸೀಸ್" ಅಂತಲೂ ಇದೆ. ಅದು ಕಿಡ್ನಿ ಕಾಯಿಲೆಗೆ ಹಿಂದಿನ ಕಾಲದ ಡಾಕ್ಟರುಗಳು ಹೇಳುತ್ತಿದ್ದ ಹೆಸರು. ಆದರೆ ಆಗ ಜಾಹೀರಾತು ಗೋಡೆ ಮೇಲೆ, ಪೇಪರಿನಲ್ಲಿ ಇರುತ್ತಿತ್ತು, ಊರೆಲ್ಲ ನೋಡುತ್ತಿತ್ತು. ಈಗ ಅಪ್ಪನಿಗೆ ಕಂಡ ಜಾಹೀರಾತು ಪಕ್ಕದಲ್ಲೇ ಕೂತ ಅಮ್ಮನಿಗೂ ಕಾಣುವುದಿಲ್ಲ. ತಪ್ಪು ಅಂತ ಹೇಳೋಕೆ ಮೊದಲು ಯಾರಾದರೂ ನೋಡಬೇಕಲ್ಲ?

ಮಾಹಿತಿಯ ಕಡೆ ಬಂದರೆ, ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಅದರ ಬೆನ್ನಿಗೆ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ 2023ರಲ್ಲಿ ಬಂತು. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಗಡುವು. 18 ವರ್ಷದೊಳಗಿನ ಮಕ್ಕಳನ್ನು ಹಿಂಬಾಲಿಸಿ ಗುರಿಯಿಟ್ಟು ಜಾಹೀರಾತು ತೋರಿಸಬಾರದು ಅಂತ ಅದರಲ್ಲಿದೆ, ಒಳ್ಳೆಯದೇ. 68ರ ಕಾಯಿಲೆಯ ಮುದುಕನಿಗೆ ಅಂಥ ಬೇಲಿ ಇಲ್ಲ. ಆರೋಗ್ಯದ ಮಾಹಿತಿಯನ್ನು ಸೂಕ್ಷ್ಮ ಅಂತ ಬೇರೆ ಇಟ್ಟಿದ್ದು 2011ರ ಹಳೆ ನಿಯಮ. ಹೊಸ ಕಾಯ್ದೆಯಲ್ಲಿ ಆ ಬೇರೆ ಸಾಲೇ ಇಲ್ಲ. ಯುರೋಪಿನಲ್ಲಿ ಹಾಗಲ್ಲ. ಅಲ್ಲಿನ ಡಿಜಿಟಲ್ ಸರ್ವಿಸಸ್ ಆ್ಯಕ್ಟ್ ಪ್ರಕಾರ ಸೋಷಿಯಲ್ ಮೀಡಿಯಾದವರು ಒಬ್ಬರ ಆರೋಗ್ಯದ ವಿವರ ಹಿಡಿದು ಅವರಿಗೆ ಜಾಹೀರಾತು ಗುರಿಯಿಡುವ ಹಾಗಿಲ್ಲ. ಅಮೆರಿಕದಲ್ಲೂ ಗುಡ್‌ಆರ್‌ಎಕ್ಸ್ ಅನ್ನುವ ಔಷಧ ರಿಯಾಯಿತಿ ಕಂಪನಿ ಜನರ ಆರೋಗ್ಯದ ಮಾಹಿತಿಯನ್ನು ಜಾಹೀರಾತಿನವರಿಗೆ ಕೊಟ್ಟ ಆರೋಪಕ್ಕೆ 2023ರಲ್ಲಿ 15 ಲಕ್ಷ ಡಾಲರ್ ದಂಡ ತೆರಲು ಒಪ್ಪಿತು.

ನಾನು ಆ ಜಾಹೀರಾತನ್ನು ರಿಪೋರ್ಟ್ ಮಾಡಿದೆ. ಎರಡು ದಿನದ ಮೇಲೆ "ನಮ್ಮ ನಿಯಮಗಳಿಗೆ ವಿರುದ್ಧವಾದದ್ದು ಕಂಡಿಲ್ಲ" ಅಂತ ಉತ್ತರ. ಗ್ರಾಹಕ ಸಹಾಯವಾಣಿ 1915ಕ್ಕೆ ಮಾಡಿ ದೂರು ಬರೆಸಿದ್ದೇನೆ. ದುಡ್ಡು ವಾಪಸ್ ಬರುತ್ತೆ ಅಂತ ಆಸೆಯೇನಿಲ್ಲ, ದಾಖಲೆಯಲ್ಲಾದರೂ ಇರಲಿ ಅಂತ.

ನೀವು ಮಾಡಬೇಕಾದ್ದು ಇಷ್ಟು. ಊರಿಗೆ ಹೋದಾಗ ಅವರ ಫೋನಿನಿಂದ ನಿಮ್ಮ ಐಡಿ ತೆಗೆದು ಅವರದೇ ಐಡಿ ಮಾಡಿಕೊಡಿ. ಪಾಸ್‌ವರ್ಡನ್ನು ಕ್ಯಾಲೆಂಡರ್ ಹಿಂದೆ ಬರೆದಿಟ್ಟರೂ ಪರವಾಗಿಲ್ಲ, ಇದಕ್ಕಿಂತ ವಾಸಿ. ಆ್ಯಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್ ಒಳಗೆ ಗೂಗಲ್, ಅದರೊಳಗೆ ಆ್ಯಡ್ಸ್ ಅಂತ ಹುಡುಕಿ, ಜಾಹೀರಾತಿನವರು ಫೋನನ್ನು ಗುರುತು ಹಿಡಿಯೋಕೆ ಬಳಸುವ ಅಡ್ವರ್ಟೈಸಿಂಗ್ ಐಡಿ ಡಿಲೀಟ್ ಮಾಡಿ. ಫೋನ್ ಮಾದರಿಯ ಮೇಲೆ ಜಾಗ ಸ್ವಲ್ಪ ಆಚೀಚೆ ಇರುತ್ತೆ. ಸೋಷಿಯಲ್ ಮೀಡಿಯಾ ಪ್ರೊಫೈಲಿನಲ್ಲಿ ಮೊಬೈಲ್ ನಂಬರ್ ಎಲ್ಲೆಲ್ಲಿದೆ ನೋಡಿ. ಕಾಯಿಲೆಯ ಬಗ್ಗೆ ಹುಡುಕಬೇಕಾದರೆ ಬ್ರೌಸರಿನಲ್ಲಿ ಹುಡುಕಿದ್ದರ ದಾಖಲೆ ಉಳಿಸದ ಇನ್‌ಕಾಗ್ನಿಟೊದಲ್ಲಿ ಲಾಗಿನ್ ಆಗದೆ ಹುಡುಕಿ. ಅದರಿಂದ ಎಲ್ಲ ಮುಚ್ಚುತ್ತೆ ಅಂತಲ್ಲ. ಆದರೆ ಹುಡುಕಿದ್ದು ಮನೆಯ ಇನ್ನೊಂದು ಫೋನಿನಲ್ಲಿ ಹಾಗೇ ಬಂದು ಕೂರುವುದಿಲ್ಲ. ಜಾಹೀರಾತಿನ ಫಾರಂ ತುಂಬಬೇಡಿ ಅಂತ ಅಪ್ಪ ಅಮ್ಮನಿಗೆ ಹತ್ತು ಸಲ ಹೇಳಿ. ತುಂಬಿದ ನಂಬರ್ ಒಬ್ಬನ ಹತ್ತಿರ ಉಳಿಯಲ್ಲ. ಅಪ್ಪನಿಗೆ ಈಗ ಮಂಡಿನೋವಿನ ಎಣ್ಣೆಯವರು, ಸಕ್ಕರೆ ಕಾಯಿಲೆ ಕಷಾಯದವರು, ಒಬ್ಬ ಇನ್ಶೂರೆನ್ಸಿನವನು, ಎಲ್ಲರೂ ಹೆಸರು ಹಿಡಿದೇ ಮಾತಾಡಿಸುತ್ತಾರೆ.

ಮಾತ್ರೆ ಮತ್ತೆ ಶುರುವಾಗಿದೆ. ಹೋದ ವಾರದ ಕ್ರಿಯಾಟಿನಿನ್ 2.9. ಈ ಸಲ ರಿಪೋರ್ಟನ್ನು ಅಪ್ಪನೇ ಬಿಚ್ಚಿ ಓದಿ, ಮಡಿಸಿ ಜೇಬಿನಲ್ಲಿ ಇಟ್ಟುಕೊಂಡರು. ಪುಡಿಯ ಒಂದು ಡಬ್ಬಿ ಒಡೆಯದೆ ಇನ್ನೂ ಅಡುಗೆಮನೆ ಮಾಡದಲ್ಲಿದೆ. ಮುಂದಿನ ಸಲ ಬರುವಾಗ ತನ್ನಿ, ಒಳಗೇನಿದೆ ನೋಡಿಸೋಣ ಅಂತ ಡಾಕ್ಟರ್ ಹೇಳಿದ್ದಾರೆ.