ಕುಶಾಲನಗರದ ಜರ್ಮನ್ ತರಬೇತಿ ಕೇಂದ್ರ: ಪಾಠ ಉತ್ತಮ, ಸಂಬಳದ ವಿವರ ಅರೆಬರೆ

ಜರ್ಮನಿಯ ಆಸ್ಪತ್ರೆ ಮತ್ತು ವೃದ್ಧಾಶ್ರಮಗಳಿಗೆ ನರ್ಸ್‌ಗಳನ್ನು ಸಿದ್ಧಗೊಳಿಸುವ ಕುಶಾಲನಗರದ ಕೇಂದ್ರವೊಂದರಲ್ಲಿ ನನ್ನ ತಂಗಿಯ ಮಗಳು ಜರ್ಮನ್ ಭಾಷೆಯನ್ನು ಬಿ2 ಹಂತದವರೆಗೆ, ಅಂದರೆ ಸರಾಗವಾಗಿ ಮಾತಾಡಬಲ್ಲ ಮಟ್ಟದವರೆಗೆ, ಕಲಿತಿದ್ದಾಳೆ. ಸೋಮವಾರಪೇಟೆ, ವಿರಾಜಪೇಟೆ ಕಡೆಯ ಪೋಷಕರು ಈ ಬಗ್ಗೆ ವಿಚಾರಿಸುತ್ತಲೇ ಇರುವುದರಿಂದ ಅಲ್ಲಿನ ಅನುಭವವನ್ನು ಬರೆಯುತ್ತಿದ್ದೇನೆ.

ಭಾಷಾ ಪಾಠದ ಮಟ್ಟಿಗೆ ಹೇಳುವುದಾದರೆ ಕೇಂದ್ರಕ್ಕೆ ಪೂರ್ಣ ಅಂಕ ಕೊಡಬಹುದು. ಶಿಕ್ಷಕಿಯೇ ಮಾತ್ರೆ ನುಂಗಲು ಒಪ್ಪದ ಅಜ್ಜಿಯಾಗಿ ಕುರ್ಚಿಯಲ್ಲಿ ಕೂರುತ್ತಾರೆ. ವಿದ್ಯಾರ್ಥಿನಿ ಗೌರವದ ಮಾತು ತಪ್ಪದಂತೆ ಆಕೆಯನ್ನು ಒಪ್ಪಿಸಿ, ಬಳಿಕ ಪಾಳಿ ಬದಲಾಗುವಾಗ ಕೊಡಬೇಕಾದ ವರದಿಯನ್ನೂ ಜರ್ಮನ್‌ನಲ್ಲೇ ಒಪ್ಪಿಸಬೇಕು. ಇಷ್ಟು ಶ್ರದ್ಧೆಯಿಂದ ಕಲಿಸುವವರು ನಮ್ಮ ಜಿಲ್ಲೆಯಲ್ಲಿ ಇರುವುದು ನಿಜಕ್ಕೂ ಸಂತೋಷದ ಸಂಗತಿ.

ಕೊರತೆ ಇರುವುದು ಹಣಕಾಸಿನ ಮಾಹಿತಿಯಲ್ಲಿ. ಪೋಷಕರ ಸಭೆಯಲ್ಲಿ ಒಟ್ಟು ಸಂಬಳವನ್ನು ರೂಪಾಯಿಗೆ ಪರಿವರ್ತಿಸಿ ತೋರಿಸಿದರೇ ಹೊರತು ಕಡಿತಗಳ ಪ್ರಸ್ತಾಪವೇ ಬರಲಿಲ್ಲ. ಜರ್ಮನಿಯಲ್ಲಿ ಪಿಂಚಣಿ ವಿಮೆಗೆ ಸಂಬಳದ ಶೇ 18.6ರಷ್ಟು ಹೋಗುತ್ತದೆ, ಅದರಲ್ಲಿ ಅರ್ಧ ನೌಕರರದು, ಅರ್ಧ ಮಾಲೀಕರದು. ಆರೋಗ್ಯ ವಿಮೆ, ನಿರುದ್ಯೋಗ ವಿಮೆ, ವಯಸ್ಸಾಗಿ ಅಥವಾ ಕಾಯಿಲೆಯಿಂದ ಪರರ ಆಸರೆ ಬೇಕಾದವರಿಗಾಗಿ 1995ರಲ್ಲಿ ಆರಂಭವಾದ ಆರೈಕೆ ವಿಮೆ ಮತ್ತು ಆದಾಯ ತೆರಿಗೆ ಇವೆಲ್ಲ ಸೇರಿದರೆ ಅವಿವಾಹಿತ ನರ್ಸ್ ಒಬ್ಬಳ ಸಂಬಳದ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಕೈಗೆ ಬರುವ ಮೊದಲೇ ಕಳೆದಿರುತ್ತದೆ.

ಈ ಕಡಿತವನ್ನು ಅರಿತರೆ ಆ ದೇಶ ನಮ್ಮ ಮಕ್ಕಳನ್ನು ಏಕೆ ಕರೆಯುತ್ತಿದೆ ಎಂಬುದೂ ಅರ್ಥವಾಗುತ್ತದೆ. ಜರ್ಮನಿಯಲ್ಲಿ ಇಂದು ದುಡಿಯುವವರು ಕಟ್ಟುವ ವಂತಿಗೆಯೇ ಇಂದಿನ ನಿವೃತ್ತರ ಪಿಂಚಣಿಯಾಗಿ ಹೋಗುತ್ತದೆ. ಯುದ್ಧಾನಂತರದ ದೊಡ್ಡ ಪೀಳಿಗೆ ಈಗ ನಿವೃತ್ತವಾಗುತ್ತಿದೆ. ನಿವೃತ್ತಿ ವಯಸ್ಸನ್ನು 2031ರ ಹೊತ್ತಿಗೆ 67ಕ್ಕೆ ಏರಿಸುತ್ತಿದ್ದರೂ ವಂತಿಗೆ ಸಾಲದೆ, ಸರ್ಕಾರ ತೆರಿಗೆ ಹಣದಿಂದ ವರ್ಷಕ್ಕೆ 10,000 ಕೋಟಿ ಯೂರೋಗೂ ಹೆಚ್ಚು ತುಂಬಿಕೊಡುತ್ತಿದೆ. ಅಂಥ ಬೊಕ್ಕಸಕ್ಕೆ ಇಪ್ಪತ್ತನಾಲ್ಕರ ನರ್ಸ್ ದೊಡ್ಡ ಆಸರೆ, ಏಕೆಂದರೆ ಅವಳ ಶಾಲೆ, ಕಾಲೇಜುಗಳ ಖರ್ಚನ್ನು ಇಲ್ಲಿನ ಮನೆಯವರೂ ಸರ್ಕಾರವೂ ಭರಿಸಿಯಾಗಿದೆ, ಅವಳು ಮೊದಲ ತಿಂಗಳಿನಿಂದಲೇ ವಂತಿಗೆ ಕಟ್ಟುತ್ತಾಳೆ. ಆದರೆ ವಲಸೆಯೊಂದೇ ಆ ಬೊಕ್ಕಸವನ್ನು ಉಳಿಸುತ್ತದೆ ಎಂದು ನಾನು ನಂಬುವುದಿಲ್ಲ. ಬಹುತೇಕ ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆಯಾದ ಒಇಸಿಡಿ 2013ರಲ್ಲಿ ಹಲವು ದೇಶಗಳ ಲೆಕ್ಕ ನೋಡಿದಾಗ ವಲಸಿಗರಿಂದ ಆಗುವ ನಿವ್ವಳ ಲಾಭವಾಗಲಿ ನಷ್ಟವಾಗಲಿ ಬಹುತೇಕ ಕಡೆ ಜಿಡಿಪಿಯ ಅರ್ಧ ಶೇಕಡಾ ದಾಟಿರಲಿಲ್ಲ. ಬಂದಾಗಿನ ವಯಸ್ಸು ಮತ್ತು ಕೆಲಸ ಸಿಗುವ ವೇಗದ ಮೇಲೆ ಅದು ನಿಂತಿದೆ. ಅಲ್ಲದೆ ಇಂದು ಕಟ್ಟುವ ಹುಡುಗಿಯೂ ಮುಂದೆ ಪಿಂಚಣಿಗೆ ಹಕ್ಕುದಾರಳೇ.

ಆ ಹಕ್ಕಿನ ಬಗ್ಗೆ ಕೇಂದ್ರದವರು ಒಂದು ಮಾತೂ ಹೇಳದಿರುವುದು ನನಗೆ ತೀರ ಬೇಸರ ತಂದಿದೆ. ಸಾಮಾನ್ಯವಾಗಿ ಕನಿಷ್ಠ ಐದು ವರ್ಷದ ವಂತಿಗೆ ಇದ್ದರೆ ವೃದ್ಧಾಪ್ಯ ಪಿಂಚಣಿ ದೊರೆಯುತ್ತದೆ, ಮತ್ತು 2017ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಭಾರತ–ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದದಡಿ ಎರಡೂ ದೇಶಗಳ ವಿಮಾ ಅವಧಿಯನ್ನು ಕೂಡಿಸಿ ನೋಡುವ ಅವಕಾಶವಿದೆ. ಊರಿಗೆ ಮರಳುವ ಯೋಚನೆ ಇರುವವರು ಇದನ್ನು ತಿಳಿದೇ ಹೊರಡಬೇಕು. ತೋಟದ ಮನೆಗಳಲ್ಲಿ ವಯಸ್ಸಾದವರಷ್ಟೇ ಉಳಿದು ಹೋಂ ನರ್ಸ್‌ಗಾಗಿ ಪರದಾಡುತ್ತಿರುವ ಕೊಡಗಿನಲ್ಲಿ, ಮರಳಿ ಬರುವವರ ಅಗತ್ಯ ಸಣ್ಣದೇನಲ್ಲ.

ಭಾಷೆಗಾಗಿ ಈ ಕೇಂದ್ರವನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು. ಶುಲ್ಕ ಕಟ್ಟುವ ಮುನ್ನ ಮಾತ್ರ ಕಡಿತಗಳೆಲ್ಲ ನಮೂದಾಗಿರುವ ಮಾದರಿ ಸಂಬಳ ಚೀಟಿಯೊಂದನ್ನು ಕೇಳಿ ಪಡೆಯಿರಿ. ಐದರಲ್ಲಿ ಮೂರೂವರೆ ಅಂಕ.