ಎರಡನೇ ರೂಟರ್ ಚೆನ್ನಾಗಿದೆ, ಅದರ ಯಜಮಾನಿಕೆ ತೆಗೆದ ಮೇಲೆ

ಈ ರೂಟರ್‌ಗೆ ಎಷ್ಟು ಆಂಟೆನಾ, ಎಷ್ಟು ಸ್ಪೀಡು ಅನ್ನುವುದೆಲ್ಲ ಅಂಗಡಿ ಪುಟದಲ್ಲೇ ಇದೆ. ಅದನ್ನು ಬಿಡಿ. ಫೈಬರ್‌ನವರು ಕೊಟ್ಟ ಪೆಟ್ಟಿಗೆಯ ಹಿಂದೆ ಇದನ್ನು ಸೇರಿಸಿದರೆ ಏನಾಗುತ್ತದೆ ಅಂತ ಇದರ ಆ್ಯಪ್ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಸಿಟ್ಟೆಲ್ಲ ಅಲ್ಲೇ.

ನಮ್ಮದು ಪುತ್ತೂರಿನ ಕಡೆಯ ಕೆಂಪುಕಲ್ಲಿನ ಮನೆ. ಫೈಬರ್ ಬರುವುದು ಕೆಳಗೆ ಚಾವಡಿಗೆ, ನಾನು ಕೆಲಸಕ್ಕೆ ಕೂರುವುದು ಮಾಳಿಗೆಯಲ್ಲಿ. ವೈಫೈನ ಎರಡು ಬ್ಯಾಂಡ್‌ಗಳಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಮೆಟ್ಟಿಲ ತನಕ ಬಂದು ನಿಲ್ಲುತ್ತದೆ. 2.4 ಗಿಗಾಹರ್ಟ್ಸ್‌ನದು ಹೇಗೋ ಮೇಲೆ ಹತ್ತುತ್ತದೆ, ಆದರೆ ಮೀಟಿಂಗ್‌ನಲ್ಲಿ ನನ್ನ ಮಾತು ಅರ್ಧಕ್ಕೇ ತುಂಡಾಗುತ್ತದೆ. ಹಲವು ಪೆಟ್ಟಿಗೆಗಳು ಸೇರಿ ಮನೆಗೆಲ್ಲ ಒಂದೇ ವೈಫೈ ಹರಡುವ ಮೆಶ್ ಸೆಟ್‌ಗೆ ಸುರಿಯುವಷ್ಟು ದುಡ್ಡು ಇರಲಿಲ್ಲ. ಹಾಗಾಗಿ ಎರಡು ಸಾವಿರದ ಆಸುಪಾಸಿನ ಈ ರೂಟರ್ ತಂದು, ಕೆಳಗಿನಿಂದ ಕೇಬಲ್ ಎಳೆಸಿದೆ.

ಆ್ಯಪ್ ಹೇಳಿದ ಹಾಗೇ ಎಲ್ಲ ಮಾಡಿದೆ. ಹಸಿರು ಟಿಕ್ ಬಂತು. ಫೋನಿನಲ್ಲಿ ವೈಫೈ ಗೆರೆಗಳೂ ತುಂಬಿದವು. ನೆಟ್ ಮಾತ್ರ ಇಲ್ಲ! ಲ್ಯಾಪ್‌ಟಾಪನ್ನು ನೇರ ಕೆಳಗಿನ ಪೆಟ್ಟಿಗೆಗೆ ಕೇಬಲ್ ಹಾಕಿ ನೋಡಿದರೆ ನೆಟ್ ಸರಿಯಾಗೇ ಇತ್ತು. ಹಾಗಾದರೆ ತೊಂದರೆ ನಡುವೆ ಎಲ್ಲೋ ಇದೆ ಅಂತಾಯಿತು. ಎರಡೂ ಪೆಟ್ಟಿಗೆಗಳ ಅಡಿಯ ಸ್ಟಿಕರ್ ಓದಿದಾಗ ಗೊತ್ತಾಯಿತು: ಎರಡರದ್ದೂ ಒಂದೇ ವಿಳಾಸ, 192.168.1.1. ಒಳಗೂ ಹೊರಗೂ ಒಂದೇ ಸರಣಿಯ ನಂಬರ್ ಇದ್ದರೆ, ಡೇಟಾವನ್ನು ಯಾವ ಕಡೆ ಕಳಿಸಬೇಕು ಅಂತ ರೂಟರ್‌ಗೆ ತಿಳಿಯುವುದಿಲ್ಲ. ಕೆಲವು ರೂಟರ್‌ಗಳು ಈ ಘರ್ಷಣೆ ಕಂಡು ತಾವೇ ನಂಬರ್ ಬದಲಿಸಿಕೊಳ್ಳುತ್ತವೆ. ಇದಕ್ಕೆ ಅಷ್ಟು ಬುದ್ಧಿ ಇಲ್ಲ. ನಾನೇ ಕೂತು 192.168.2.1 ಮಾಡಿದೆ, ನೆಟ್ ಬಂತು.

ಆಮೇಲೆ ಶುರುವಾಯಿತು ಪ್ರಿಂಟರ್ ಕಥೆ. ಪ್ರಿಂಟರ್ ಇರುವುದು ಕೆಳಗೆ. ಮೇಲಿನ ವೈಫೈನಲ್ಲಿರುವ ಲ್ಯಾಪ್‌ಟಾಪ್‌ಗೆ ಅದು ಕಾಣಿಸುವುದೇ ಇಲ್ಲ. ಒಂದು ಪುಟ ಪ್ರಿಂಟ್ ಬೇಕಾದರೂ ಕೆಳಗಿನ ವೈಫೈಗೆ ಬದಲಾಯಿಸಿ, ಕಳಿಸಿ, ಮತ್ತೆ ಮೇಲಿನದಕ್ಕೆ ಬರಬೇಕು. ಕಾರಣ ಡಬಲ್ ನ್ಯಾಟ್. ಎರಡು ರೂಟರ್‌ಗಳೂ ತಮ್ಮದೇ ಬೇರೆ ಬೇರೆ ನೆಟ್‌ವರ್ಕ್ ಕಟ್ಟಿಕೊಂಡು ಕೂತಿರುತ್ತವೆ, ಒಂದೇ ಅಡುಗೆಮನೆಯಲ್ಲಿ ಎರಡು ಒಲೆ ಹೂಡಿದ ಹಾಗೆ. ಸುಮ್ನೆ ಯೂಟ್ಯೂಬ್ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಪ್ರಿಂಟರ್, ಟಿವಿಗೆ ಕಾಸ್ಟ್ ಮಾಡುವುದು, ಕೆಲವು ಗೇಮ್‌ಗಳು ಇಂಥವಕ್ಕೆ ಬಿಸಿ ತಟ್ಟುತ್ತದೆ. ಆ ವಾರ ಈ ರೂಟರ್‌ಗೆ ಒಂದು ಸ್ಟಾರ್ ಕೊಡುವ ಮನಸ್ಸಿತ್ತು.

ಆ್ಯಪ್‌ನಲ್ಲಿ ಇಲ್ಲದ ಒಂದು ಆಯ್ಕೆ ಬ್ರೌಸರ್ ಪುಟದಲ್ಲಿ, ಅಡ್ವಾನ್ಸ್‌ಡ್ ಮೆನುವಿನ ಕೊನೆಯಲ್ಲಿ ಸಿಕ್ಕಿತು: ಆ್ಯಕ್ಸೆಸ್ ಪಾಯಿಂಟ್ ಮೋಡ್. ಅದನ್ನು ಒತ್ತಿದರೆ ರೂಟರ್ ತನ್ನ ಯಜಮಾನಿಕೆ ಬಿಡುತ್ತದೆ. ವಿಳಾಸ ಹಂಚುವ ಕೆಲಸ, ಅಂದರೆ ಡಿಎಚ್‌ಸಿಪಿ, ಕೆಳಗಿನ ಪೆಟ್ಟಿಗೆಯದ್ದು ಮಾತ್ರ. ಇದು ಬರೀ ವೈಫೈ ಹರಡುತ್ತದೆ. ರೀಸ್ಟಾರ್ಟ್ ಆಗಿ ಬಂದಾಗ ಪ್ರಿಂಟರ್ ತಾನಾಗೇ ಪಟ್ಟಿಯಲ್ಲಿ ಕಾಣಿಸಿತು. ಅವತ್ತಿನ ಖುಷಿಗೆ ಅಡಿಕೆ ಲೆಕ್ಕದ ಹಳೇ ಫೈಲನ್ನೆಲ್ಲ ಪ್ರಿಂಟ್ ತೆಗೆದೆ, ಯಾರಿಗೂ ಬೇಕಿರಲಿಲ್ಲ. ನಿಮ್ಮ ರೂಟರ್‌ನಲ್ಲಿ ಈ ಮೋಡ್ ಇಲ್ಲದಿದ್ದರೆ ಡಿಎಚ್‌ಸಿಪಿ ಆಫ್ ಮಾಡಿ, ವಿಳಾಸವನ್ನು 192.168.1.2 ಥರ ಖಾಲಿ ಇರುವ ಒಂದಕ್ಕೆ ಬದಲಿಸಿ, ಕೇಬಲನ್ನು ವ್ಯಾನ್ (ಹೊರಗಿನ ನೆಟ್ ಬರುವ) ಪೋರ್ಟ್ ಬಿಟ್ಟು ಲ್ಯಾನ್ (ಮನೆಯೊಳಗಿನ ಸಾಧನಗಳ) ಪೋರ್ಟಿಗೆ ಹಾಕಿ. ಅದೇ ಫಲ.

ಆಮೇಲೆ ಸ್ಪೀಡು ನೋಡಿದೆ. ಪ್ಲಾನ್ 200 ಎಂಬಿಪಿಎಸ್, ಮೇಲೆ ಸಿಗುವುದು 94. ಈ 94 ಅನ್ನುವ ನಂಬರ್ ಕಂಡರೆ ವೈಫೈಯನ್ನು ಬೈಯಬೇಡಿ, ಕೇಬಲ್ ನೋಡಿ. ಗಿಗಾಬಿಟ್‌ಗೆ ಕೇಬಲಿನ ನಾಲ್ಕೂ ಜೋಡಿ ತಂತಿ ಬೇಕು (ಅಂದರೆ 1000 ಎಂಬಿಪಿಎಸ್‌ಗೆ), 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು. ನಮ್ಮಲ್ಲಿ ತುದಿಯ ಪ್ಲಗ್‌ನಲ್ಲಿ ಒಂದು ತಂತಿ ಸರಿಯಾಗಿ ಕೂತಿರಲಿಲ್ಲ. ಪ್ಲಗ್ ಹೊಸದಾಗಿ ಒತ್ತಿಸಿದ ಮೇಲೆ ಪೂರ್ತಿ ಸ್ಪೀಡು ಬಂತು.

ಈಗ ಎರಡನೇ ಮಳೆಗಾಲ. ದಿನ ಶುರುವಾಗುವುದು ಕಾಫಿ ಲೋಟ ಹಿಡಿದು ಚಾವಡಿಯ ಪೆಟ್ಟಿಗೆಯ ದೀಪ ನೋಡುವುದರಿಂದ. ಫೈಬರ್ ಲೈನಿನ ಪಾನ್ (PON) ದೀಪ ಮಿನುಗದೆ ಹಸಿರಾಗಿ ನಿಂತಿದ್ದರೆ ಲೈನ್ ಸರಿ ಇದೆ. ಎಲ್‌ಒಎಸ್ (LOS), ಅಂದರೆ ಸಿಗ್ನಲ್ ಬರುತ್ತಿಲ್ಲ ಅನ್ನುವ ದೀಪ, ಕೆಂಪಾಗಿದ್ದರೆ ಫೈಬರ್ ಎಲ್ಲೋ ತುಂಡಾಗಿದೆ, ತೆಂಗಿನ ಮಡಲು ಬಿದ್ದಿರಬಹುದು. ಆಗ ರೂಟರ್ ಎಷ್ಟು ಸಲ ಆಫ್ ಆನ್ ಮಾಡಿದರೂ ಪ್ರಯೋಜನವಿಲ್ಲ. ಮಧ್ಯಾಹ್ನದ ಮೇಲೆ ಗುಡುಗು ಕೇಳಿದ ಕೂಡಲೇ ಅಮ್ಮ ಎದ್ದು ಎರಡೂ ಪ್ಲಗ್ ಕೀಳುತ್ತಾರೆ, ನಾನು ಮೀಟಿಂಗ್‌ನಲ್ಲಿ ಇದ್ದೇನೋ ಇಲ್ಲವೋ ಕೇಳುವುದಿಲ್ಲ. ಅವರು ಮಾಡುವುದು ಸರಿಯೇ. ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್ ಇದ್ದಾಗ ಸಿಡಿಲು ಫೋನ್ ತಂತಿಯಲ್ಲೇ ಬಂದು ಮೋಡೆಮ್ ಸುಡುತ್ತಿತ್ತು. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ನಾನು ಕೆಳಗಿನಿಂದ ಮೇಲಕ್ಕೆ ಎಳೆಸಿದ್ದು ತಾಮ್ರ ಅಲ್ವಾ. ಅದಕ್ಕೇ ಈಗ ಆ ಕೇಬಲ್ಲನ್ನೂ ಕೀಳುತ್ತೇವೆ. ಮಳೆ ನಿಂತ ಮೇಲೆ ಮೊದಲು ಕೆಳಗಿನದು ಆನ್, ಪಾನ್ ದೀಪ ನಿಂತ ಮೇಲೆ ಮೇಲಿನದು.

ಇನ್ನೂ ಸರಿಹೋಗದ ಒಂದು ತಕರಾರಿದೆ. ಎರಡೂ ಕಡೆ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟಿದ್ದೇನೆ. 2.4ರಲ್ಲಿ ಕೆಳಗೆ ಚಾನೆಲ್ 1, ಮೇಲೆ 11, ಒಂದಕ್ಕೊಂದು ಅಡ್ಡ ಬರದಿರಲಿ ಅಂತ. ಆದರೂ ಮೆಟ್ಟಿಲು ಹತ್ತುವಾಗ ಫೋನ್ ಕೆಳಗಿನ ಸಿಗ್ನಲನ್ನೇ ಕಚ್ಚಿ ಹಿಡಿದಿರುತ್ತದೆ. ಯಾವಾಗ ಬಿಡಬೇಕು ಅನ್ನುವುದು ಫೋನಿನ ತೀರ್ಮಾನ, ರೂಟರ್‌ದಲ್ಲ. ಕೆಳಗಿನದರ ಸಿಗ್ನಲ್ ಪವರ್ ಮೀಡಿಯಂಗೆ ಇಳಿಸಿದ ಮೇಲೆ ಸ್ವಲ್ಪ ವಾಸಿ. ವಾಟ್ಸಾಪ್ ಕಾಲ್‌ನಲ್ಲಿ ಮಾತಾಡುತ್ತಾ ಮನೆಯೆಲ್ಲ ಓಡಾಡುವವರಾದರೆ ದುಡ್ಡು ಜಾಸ್ತಿ ಹಾಕಿ ಮೆಶ್ ತಗೊಳ್ಳಿ. ನನ್ನ ಹಾಗೆ ಒಂದೇ ಕುರ್ಚಿಗೆ ಅಂಟಿಕೊಂಡು ಕೆಲಸ ಮಾಡುವವರಿಗೆ ಇದೇ ಸಾಕು.

ನಾಲ್ಕು ಸ್ಟಾರ್. ಐದನೆಯದು ಆ ಆ್ಯಕ್ಸೆಸ್ ಪಾಯಿಂಟ್ ಮೋಡ್ ಅನ್ನು ಆ್ಯಪ್‌ನ ಮೊದಲ ಪುಟಕ್ಕೆ ತಂದ ದಿನ.