ಮನೆಯಿಂದ ಕಚೇರಿಯ ಕಂಪ್ಯೂಟರ್ ತೆರೆಯುವವರೇ, 3389ನೇ ಪೋರ್ಟನ್ನು ಇವತ್ತೇ ಮುಚ್ಚಿ

ಮನೆಯಲ್ಲಿ ಕುಳಿತು ಕಚೇರಿಯ ಕಂಪ್ಯೂಟರನ್ನು ರಿಮೋಟ್ ಡೆಸ್ಕ್‌ಟಾಪ್ ಮೂಲಕ ತೆರೆಯುತ್ತೀರಾದರೆ, ಕಚೇರಿಯ ರೂಟರ್‌ನಲ್ಲಿ 3389 ಎಂಬ ಪೋರ್ಟ್ (ರಿಮೋಟ್ ಡೆಸ್ಕ್‌ಟಾಪ್ ಬಳಸುವ ಸಂಖ್ಯೆಯ ಬಾಗಿಲು) ನೇರವಾಗಿ ಇಂಟರ್ನೆಟ್ಟಿಗೆ ತೆರೆದುಕೊಂಡಿದೆಯೇ ಎಂದು ದಯವಿಟ್ಟು ಇವತ್ತೇ ನೋಡಿ. ನಾಳೆ ನೋಡಿದರಾಯಿತು ಎಂದು ನಾವು ಎರಡು ವರ್ಷ ಕಳೆದೆವು. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಿಂದ ಒಂದೇ ರಾತ್ರಿಯಲ್ಲಿ ಆರು ಜನರ ಐದು ವರ್ಷದ ಕೆಲಸ ಕೈಬಿಟ್ಟು ಹೋಯಿತು.

ನಮ್ಮದು ಕಟ್ಟಡಗಳ ನಕ್ಷೆ ತಯಾರಿಸುವ ಸಣ್ಣ ಕಚೇರಿ. ಒಂದೊಂದು ಯೋಜನೆಯ ಫೋಲ್ಡರ್ ಹಲವು ಜಿಬಿ ತೂಗುತ್ತದೆ. ಇಮೇಲ್‌ನಲ್ಲಿ 25 ಎಂಬಿ ದಾಟಿದರೆ ಸಾಮಾನ್ಯವಾಗಿ ಲಗತ್ತು ಹೋಗುವುದೇ ಇಲ್ಲ. ಪೆನ್ ಡ್ರೈವ್‌ನಲ್ಲಿ ಹೊತ್ತು ತಿರುಗಿದರೆ ಯಾವುದು ಹೊಸ ಪ್ರತಿ, ಯಾವುದು ಹಳೆಯದು ಎಂಬ ಗೊಂದಲ ಮುಗಿಯುವುದಿಲ್ಲ. ಆದ್ದರಿಂದ ಎರಡು ಏರ್ಪಾಡು ಮಾಡಿಕೊಂಡೆವು. ಎಲ್ಲ ನಕ್ಷೆಗಳಿದ್ದ ಕಂಪ್ಯೂಟರಿಗೆ ವಿಂಡೋಸ್ 10ರ ಪ್ರೊ ಆವೃತ್ತಿ ಹಾಕಿಸಿ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿದೆವು; ಹೋಮ್ ಆವೃತ್ತಿಯಲ್ಲಿ ಹೊರಗಿನಿಂದ ಒಳಬರುವ ಆ ಸೌಲಭ್ಯ ಇರುವುದಿಲ್ಲ. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿದೆವು, ಅಂದರೆ ಹೊರಗಿನಿಂದ ಆ ಪೋರ್ಟಿಗೆ ಬಂದವರನ್ನು ನೇರವಾಗಿ ಈ ಕಂಪ್ಯೂಟರಿಗೆ ಕಳಿಸುವಂತೆ ಮಾಡಿದೆವು. ಜೊತೆಗೆ ಕಚೇರಿಯ ಯಂತ್ರಕ್ಕೂ ನನ್ನ ಮನೆಯ ಲ್ಯಾಪ್‌ಟಾಪಿಗೂ ನೇರವಾಗಿ ಫೈಲ್ ಸಿಂಕ್ ಮಾಡುವ ತಂತ್ರಾಂಶ ಹಾಕಿದೆವು. ಅಲ್ಲಿ ಉಳಿಸಿದ್ದು ಇಲ್ಲಿ ಬರುತ್ತಿತ್ತು, ಇಲ್ಲಿ ತಿದ್ದಿದ್ದು ಅಲ್ಲಿ ಹೋಗುತ್ತಿತ್ತು. ಎರಡು ಕಡೆ ಪ್ರತಿ ಇದೆಯಲ್ಲ ಎಂದು ನೆಮ್ಮದಿಯಾಗಿದ್ದೆವು.

ಒಂದು ಸೋಮವಾರ ಬೆಳಿಗ್ಗೆ ಸಹೋದ್ಯೋಗಿ ಫೋನ್ ಮಾಡಿದರು. ಯಾವ ನಕ್ಷೆಯೂ ತೆರೆಯುತ್ತಿಲ್ಲ, ಫೈಲುಗಳ ಹೆಸರೆಲ್ಲ ಏನೋ ಆಗಿಬಿಟ್ಟಿದೆ ಎಂದರು. ಅವರ ದನಿ ನಡುಗುತ್ತಿತ್ತು. ‘ಗಾಬರಿಯಾಗಬೇಡಿ, ನನ್ನ ಮನೆಯಲ್ಲಿ ಒಂದು ಪ್ರತಿ ಇದೆ’ ಎಂದು ಹೇಳಿ, ಶುಕ್ರವಾರ ಸಂಜೆಯಿಂದ ಮುಚ್ಚಿಟ್ಟಿದ್ದ ಲ್ಯಾಪ್‌ಟಾಪ್ ತೆರೆದೆ.

ನಾನು ಮಾಡಿದ ದೊಡ್ಡ ತಪ್ಪು ಅದೇ. ಫೋಲ್ಡರ್ ತೆರೆದಾಗ ನಕ್ಷೆಗಳು ಎಂದಿನಂತೆಯೇ ಇದ್ದವು. ಉಸಿರು ಬಿಟ್ಟೆ. ಸಹೋದ್ಯೋಗಿಗೆ ‘ಎಲ್ಲವೂ ಇವೆ’ ಎಂದೂ ಹೇಳಿದೆ. ಹೇಳುತ್ತಿದ್ದಂತೆಯೇ ಪಟ್ಟಿಯ ಮೇಲಿನ ಸಾಲಿನ ಫೈಲ್ ಮಾಯವಾಯಿತು. ಅದರ ಹಿಂದೆ ಇನ್ನೊಂದು, ಆಮೇಲೆ ಒಟ್ಟಿಗೆ ಹತ್ತಾರು. ಸಿಂಕ್ ತಂತ್ರಾಂಶ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿತ್ತು: ಕಚೇರಿಯಲ್ಲಿ ಮೂಲ ಫೈಲ್ ಅಳಿದಿದೆ, ಹಾಗಾದರೆ ಇಲ್ಲಿಯೂ ಅಳಿಸಬೇಕು, ಅದರ ಜಾಗದಲ್ಲಿ ಹೊಸ ಫೈಲ್ ಬಂದಿದೆ, ಅದನ್ನು ತರಬೇಕು. ಹೊಸದಾಗಿ ಬರುತ್ತಿದ್ದ ಫೈಲುಗಳ ಹೆಸರಿನ ಕೊನೆಗೆ ಅರ್ಥವಿಲ್ಲದ ಏಳು ಅಕ್ಷರಗಳು ಅಂಟಿಕೊಂಡಿದ್ದವು. ಬಂದ ಪ್ರತಿಯೊಂದರ ಪಕ್ಕದಲ್ಲಿ ಹಸಿರು ಟಿಕ್ ಗುರುತು ಬೀಳುತ್ತಿತ್ತು. ಏನಾಗುತ್ತಿದೆ ಎಂದು ಹೊಳೆದು ವೈಫೈ ಆರಿಸುವಷ್ಟರಲ್ಲಿ ಸರಿಯಾಗಿ ಉಳಿದದ್ದು ಎರಡು ಯೋಜನೆಗಳ ಫೋಲ್ಡರ್ ಮಾತ್ರ. ಫೈಲ್ ತರಲು ಹೊತ್ತು ಹಿಡಿಯುತ್ತದೆ, ಅಳಿಸು ಎಂಬ ಸೂಚನೆ ಬರಲು ಕ್ಷಣ ಸಾಕು. ಅಳಿದದ್ದನ್ನು ಮರಳಿ ತೆಗೆಯುವ ತಂತ್ರಾಂಶ ಓಡಿಸಿ ನೋಡಿದೆವು, ಲ್ಯಾಪ್‌ಟಾಪಿನಲ್ಲಿದ್ದದ್ದು ಎಸ್‌ಎಸ್‌ಡಿ. ಫೈಲ್ ಅಳಿಸಿದೊಡನೆ ವಿಂಡೋಸ್ ಟ್ರಿಮ್ ಎಂಬ ಆಜ್ಞೆಯ ಮೂಲಕ ಆ ಜಾಗ ಇನ್ನು ಬೇಡ ಎಂದು ಅದಕ್ಕೆ ತಿಳಿಸಿಬಿಡುತ್ತದೆ. ಹಾಗಾಗಿ ಏನೂ ಸಿಗಲಿಲ್ಲ.

ವೈಫೈ ಆರಿಸಿ ಆಮೇಲೆ ಲ್ಯಾಪ್‌ಟಾಪ್ ತೆರೆದಿದ್ದರೆ ಶುಕ್ರವಾರದವರೆಗಿನ ಎಲ್ಲ ಕೆಲಸವೂ ನನ್ನ ಮೇಜಿನ ಮೇಲೆ ಸುರಕ್ಷಿತವಾಗಿರುತ್ತಿತ್ತು. ನಿಮಗೆ ಎಂದಾದರೂ ಅಂಥ ಫೋನ್ ಬಂದರೆ ಮೊದಲು ರೂಟರನ್ನು ಆರಿಸಿ. ಉಳಿದದ್ದೆಲ್ಲ ಆಮೇಲೆ.

ಒಳಗೆ ಬಂದದ್ದು ಹೇಗೆ? ಕಚೇರಿಯ ಯಂತ್ರದ ಈವೆಂಟ್ ವ್ಯೂವರ್‌ನಲ್ಲಿ ಭದ್ರತಾ ದಾಖಲೆ ತೆರೆದಾಗ ಉತ್ತರ ಅಲ್ಲೇ ಇತ್ತು. 4625 ಎಂಬ ಸಂಖ್ಯೆಯ ಸಾಲುಗಳು ಒಂದರ ಕೆಳಗೆ ಒಂದು. ಈ ಸಂಖ್ಯೆ ವಿಫಲವಾದ ಲಾಗಿನ್ ಪ್ರಯತ್ನದ್ದು. ಅಡ್ಮಿನಿಸ್ಟ್ರೇಟರ್, ಅಡ್ಮಿನ್, ಟೆಸ್ಟ್, ಯೂಸರ್ ಒಂದು, ಅಕೌಂಟ್ಸ್, ಬ್ಯಾಕಪ್, ಸ್ಕ್ಯಾನ್. ಮೂರು ನಾಲ್ಕು ಸೆಕೆಂಡಿಗೊಂದು ಹೆಸರು. ಊಟದ ಹೊತ್ತಿಲ್ಲ, ನಿದ್ದೆಯ ಹೊತ್ತಿಲ್ಲ, ರಜೆ ಇಲ್ಲ. ನಾವು ಹಗಲಿನಲ್ಲಿ ಅದೇ ಯಂತ್ರದ ಮುಂದೆ ಕುಳಿತು ನಕ್ಷೆ ಬಿಡಿಸುತ್ತಿದ್ದಾಗಲೂ ಅದು ನಡೆದಿತ್ತು. ಇದು ಯಾವಾಗ ಶುರುವಾಯಿತೆಂದು ಕೂಡ ನಮಗೆ ಗೊತ್ತಾಗಲಿಲ್ಲ. ಭದ್ರತಾ ದಾಖಲೆಗೆ ವಿಂಡೋಸ್ ಇಟ್ಟಿರುವ ಮೂಲ ಮಿತಿ 20 ಎಂಬಿ. ತುಂಬಿದ ಮೇಲೆ ಹಳೆಯ ಸಾಲುಗಳ ಮೇಲೆ ಹೊಸವು ಬರೆಯಲ್ಪಡುತ್ತವೆ. ವಿಫಲ ಪ್ರಯತ್ನಗಳೇ ಅದನ್ನು ತುಂಬಿಸಿ ತಮ್ಮ ಹಿಂದಿನ ಗುರುತನ್ನು ತಾವೇ ಅಳಿಸಿಕೊಂಡಿದ್ದವು.

ಶನಿವಾರ ರಾತ್ರಿ 2 ಗಂಟೆ 17 ನಿಮಿಷಕ್ಕೆ ಒಂದು ಸಾಲು ಬೇರೆಯಾಗಿತ್ತು: 4624, ಲಾಗಿನ್ ಯಶಸ್ವಿ, ಮಾದರಿ 10. ಹತ್ತು ಎಂದರೆ ರಿಮೋಟ್ ಡೆಸ್ಕ್‌ಟಾಪ್. ಬಳಕೆದಾರನ ಹೆಸರು ಸ್ಕ್ಯಾನ್.

ಅದು ಮನುಷ್ಯರ ಖಾತೆಯೇ ಅಲ್ಲ. ಸ್ಕ್ಯಾನರ್ ತಾನು ತೆಗೆದ ಪ್ರತಿಗಳನ್ನು ಹಂಚಿಕೆಯ ಫೋಲ್ಡರಿಗೆ ಹಾಕಲೆಂದು ಯಾವತ್ತೋ ಮಾಡಿದ್ದು. ಪಾಸ್‌ವರ್ಡ್ ಕೂಡ ಅದೇ ಹೆಸರು. ಫೋಲ್ಡರಿಗೆ ಬರೆಯಲು ಅನುಮತಿ ಸಿಗುತ್ತಿಲ್ಲವೆಂದು ಯಾರೋ ಅದನ್ನು ಅಡ್ಮಿನಿಸ್ಟ್ರೇಟರ್ ಗುಂಪಿಗೆ ಸೇರಿಸಿ ಕೈತೊಳೆದುಕೊಂಡಿದ್ದರು. ಆ ಗುಂಪಿನಲ್ಲಿರುವ ಪ್ರತಿ ಖಾತೆಗೂ ರಿಮೋಟ್ ಡೆಸ್ಕ್‌ಟಾಪ್ ಪ್ರವೇಶ ತಾನಾಗಿಯೇ ಸಿಗುತ್ತದೆ. ನನ್ನ ಪಾಸ್‌ವರ್ಡ್ 16 ಅಕ್ಷರಗಳದ್ದಾಗಿತ್ತು, ಅದರಿಂದ ಕವಡೆಕಾಸಿನ ಪ್ರಯೋಜನವಾಗಲಿಲ್ಲ. ಮುಂಬಾಗಿಲಿಗೆ ಎಷ್ಟೇ ದೊಡ್ಡ ಬೀಗ ಹಾಕಿದ್ದರೂ ಹಿತ್ತಿಲ ಬಾಗಿಲು ಹಾರುಹೊಡೆದಿತ್ತು. ನಿಮ್ಮ ಯಂತ್ರದಲ್ಲಿ ಯಾವ ಯಾವ ಖಾತೆಗಳಿವೆ, ಅವುಗಳಲ್ಲಿ ಯಾವುದಕ್ಕೆ ಅಡ್ಮಿನ್ ಅಧಿಕಾರವಿದೆ ಎಂದು ಒಮ್ಮೆ ತೆರೆದು ನೋಡಿ. ಮರೆತುಹೋದ ಹೆಸರೊಂದು ಅಲ್ಲಿ ಇದ್ದೇ ಇರುತ್ತದೆ ಎಂಬುದು ನನ್ನ ನಂಬಿಕೆ.

ನಾವು ಪೋರ್ಟ್ ಸಂಖ್ಯೆಯನ್ನು ಬದಲಾಯಿಸುತ್ತೇವೆ, ಯಾರಿಗೆ ಗೊತ್ತಾಗುತ್ತದೆ ಎಂದು ಕೇಳುವವರಿದ್ದಾರೆ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಝಡ್‌ಮ್ಯಾಪ್ ಎಂಬ ಉಪಕರಣ ಹೊರತಂದರು. ಒಂದು ಗಿಗಾಬಿಟ್ ಸಂಪರ್ಕವಿರುವ ಒಂದೇ ಯಂತ್ರದಿಂದ ಇಡೀ ಐಪಿವಿ4 ಜಾಲದಲ್ಲಿ (ಇಂಟರ್ನೆಟ್ಟಿನ ಹಳೆಯ, ಇಂದಿಗೂ ಬಳಕೆಯಲ್ಲಿರುವ ವಿಳಾಸ ವ್ಯವಸ್ಥೆ) ಒಂದು ಪೋರ್ಟನ್ನು 45 ನಿಮಿಷದೊಳಗೆ ತಟ್ಟಿ ನೋಡಬಹುದು ಎಂದು ಅವರು ತೋರಿಸಿದರು. ಅದರಲ್ಲಿ ವಿಳಾಸಗಳು ಇರುವುದೇ ಸುಮಾರು 430 ಕೋಟಿ. ನಮ್ಮ ಸಣ್ಣ ಕಚೇರಿಯನ್ನು ಯಾರು ಹುಡುಕಿಕೊಂಡು ಬರುತ್ತಾರೆ ಎಂಬ ಮಾತಿಗೆ ಅರ್ಥವೇ ಇಲ್ಲ. ಯಾರೂ ಹುಡುಕುವುದಿಲ್ಲ, ಯಂತ್ರಗಳು ಎಲ್ಲ ಬಾಗಿಲನ್ನೂ ತಟ್ಟುತ್ತಾ ಹೋಗುತ್ತವೆ. ಪಾಸ್‌ವರ್ಡ್ ಗಟ್ಟಿ ಇದ್ದರೂ ಸಾಲದು. 2019ರ ಮೇ ತಿಂಗಳಲ್ಲಿ ಬಯಲಾದ, ರಿಮೋಟ್ ಡೆಸ್ಕ್‌ಟಾಪಿನಲ್ಲೇ ಇದ್ದ ಬ್ಲೂಕೀಪ್ ಎಂಬ ದೋಷದ ಮೂಲಕ ಒಳನುಗ್ಗಲು ಪಾಸ್‌ವರ್ಡಿನ ಅಗತ್ಯವೇ ಇರಲಿಲ್ಲ. ಅದು ಎಷ್ಟು ಗಂಭೀರವಾಗಿತ್ತೆಂದರೆ, ಬೆಂಬಲ ಮುಗಿದು ಐದು ವರ್ಷವಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಬಿಡುಗಡೆ ಮಾಡಿತು.

ಬ್ಯಾಕಪ್ ಇರಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಇತ್ತು. ಯುಎಸ್‌ಬಿ ಡಿಸ್ಕ್ ಒಂದು ಸದಾ ಆ ಯಂತ್ರಕ್ಕೇ ಸಿಕ್ಕಿಸಿಕೊಂಡಿತ್ತು. ಯಂತ್ರಕ್ಕೆ ಕಾಣುವುದೆಲ್ಲ ಒಳಬಂದವನಿಗೂ ಕಾಣುತ್ತದೆ, ಹಾಗಾಗಿ ಅದಕ್ಕೂ ಬೀಗ ಬಿತ್ತು. ಫೈಲುಗಳ ಹಿಂದಿನ ಸ್ಥಿತಿಯನ್ನು ಮರಳಿ ಪಡೆಯಲೆಂದು ವಿಂಡೋಸ್ ತಾನೇ ಇಟ್ಟುಕೊಳ್ಳುವ ಶ್ಯಾಡೋ ಪ್ರತಿಗಳನ್ನು ಒಂದೇ ಆಜ್ಞೆಯಿಂದ ಅಳಿಸಿದ್ದರು. ಸಿಂಕ್ ತಂತ್ರಾಂಶದಲ್ಲಿ ಹಳೆಯ ಆವೃತ್ತಿಗಳನ್ನು ಉಳಿಸುವ ಆಯ್ಕೆಯೂ ಇತ್ತು. ಅದನ್ನು ನಾವೇ ಆನ್ ಮಾಡಬೇಕಿತ್ತು, ಮಾಡಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬೀಗ ತೆಗೆಯಲು ಅವರು ಕೇಳಿದ ಹಣ ಕೊಡಲಿಲ್ಲ. ಕೊಟ್ಟರೆ ಕೀಲಿ ಸಿಗುತ್ತದೆ ಎಂಬ ಖಾತರಿ ಯಾರೂ ಕೊಡಲಾರರು. ಆದರೆ ನಷ್ಟ ಫೈಲುಗಳಿಗೇ ನಿಲ್ಲಲಿಲ್ಲ. 2019ರ ಕೊನೆಯಿಂದ ಇಂಥ ಗುಂಪುಗಳು ಬೀಗ ಹಾಕುವ ಮುನ್ನ ಫೈಲುಗಳನ್ನು ಕದ್ದೊಯ್ದು, ಬಹಿರಂಗಪಡಿಸುತ್ತೇವೆ ಎಂದು ಬೆದರಿಸುವುದನ್ನೂ ರೂಢಿಸಿಕೊಂಡಿವೆ. ಆದ್ದರಿಂದ ಪ್ರತಿಯೊಬ್ಬ ಗ್ರಾಹಕರಿಗೂ ಫೋನ್ ಮಾಡಿ, ನಿಮ್ಮ ಮನೆಯ ನಕ್ಷೆ ಅಪರಿಚಿತರ ಕೈಗೆ ಹೋಗಿರಬಹುದು ಎಂದು ಹೇಳಬೇಕಾಯಿತು. ಒಬ್ಬರು ಏನೂ ಮಾತಾಡದೆ ಫೋನ್ ಇಟ್ಟರು. ನಕ್ಷೆಗಳನ್ನು ಮತ್ತೆ ಬಿಡಿಸುವುದಕ್ಕಿಂತ ಆ ಕರೆಗಳೇ ಕಷ್ಟವಾದವು.

ಈಗ ರೂಟರ್‌ನಲ್ಲಿ ಆ ಫಾರ್ವರ್ಡಿಂಗ್ ಇಲ್ಲ. ಮನೆಯಿಂದ ಬರುವವರು ಮೊದಲು ವಿಪಿಎನ್ (ಕೀಲಿ ಇದ್ದವರಿಗಷ್ಟೇ ತೆರೆಯುವ ಗೂಢಲಿಪಿಯ ಖಾಸಗಿ ದಾರಿ) ಮೂಲಕ ಕಚೇರಿಯ ಜಾಲಕ್ಕೆ ಸೇರಬೇಕು, ಆಮೇಲಷ್ಟೇ ರಿಮೋಟ್ ಡೆಸ್ಕ್‌ಟಾಪ್. ನಾವು ಬಳಸುತ್ತಿರುವುದು ವೈರ್‌ಗಾರ್ಡ್. ಸರಿಯಾದ ಕೀಲಿ ಇಲ್ಲದೆ ತಟ್ಟಿದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ, ಅಲ್ಲೊಂದು ಬಾಗಿಲಿದೆ ಎಂಬುದೂ ತಿಳಿಯುವುದಿಲ್ಲ. ಒಬ್ಬೊಬ್ಬರ ಯಂತ್ರಕ್ಕೂ ಬೇರೆ ಕೀಲಿ. ಲ್ಯಾಪ್‌ಟಾಪ್ ಕಳೆದರೆ ಆ ಒಂದು ಕೀಲಿಯನ್ನು ತೆಗೆದುಹಾಕಿದರಾಯಿತು. ಅಡ್ಮಿನ್ ಖಾತೆಗಳಿಗೆ ಹೊರಗಿನಿಂದ ಪ್ರವೇಶವಿಲ್ಲ. ಹತ್ತು ಬಾರಿ ತಪ್ಪು ಪಾಸ್‌ವರ್ಡ್ ಹಾಕಿದರೆ ಖಾತೆ ಕೆಲಕಾಲ ಮುಚ್ಚಿಕೊಳ್ಳುತ್ತದೆ. ಬ್ಯಾಕಪ್‌ಗೆ ಎರಡು ಡಿಸ್ಕ್‌ಗಳಿದ್ದು, ಪ್ರತಿ ತೆಗೆದ ಕೂಡಲೇ ವೈರ್ ಕಿತ್ತು ಒಂದನ್ನು ಕಚೇರಿಯ ಹೊರಗೆ ಇಡುತ್ತೇವೆ. ತಿಂಗಳಿಗೊಮ್ಮೆ ಅದರಿಂದ ಒಂದು ನಕ್ಷೆಯನ್ನು ಬೇರೆ ಯಂತ್ರಕ್ಕೆ ಮರಳಿಸಿ, ತೆರೆಯುತ್ತದೆಯೇ ಎಂದು ಕಣ್ಣಾರೆ ನೋಡುತ್ತೇವೆ.

ನಿಮ್ಮ ಕಚೇರಿಯಲ್ಲಿ ಹೇಗಿದೆ ಎಂದು ತಿಳಿಯಲು ರೂಟರ್‌ನ ಪೋರ್ಟ್ ಫಾರ್ವರ್ಡಿಂಗ್ ಪುಟ ತೆರೆದು ನೋಡಿ, ಯುಪಿಎನ್‌ಪಿ (ಯಂತ್ರಗಳು ಕೇಳಿದಾಗ ರೂಟರ್ ತಾನೇ ಪೋರ್ಟ್ ತೆರೆದುಕೊಡುವ ಸೌಲಭ್ಯ) ತಾನಾಗಿ ತೆರೆದಿರುವ ಪೋರ್ಟ್‌ಗಳ ಪಟ್ಟಿಯನ್ನೂ ನೋಡಿ. ಬಳಿಕ ಕಚೇರಿಯ ವೈಫೈ ಬಿಟ್ಟು ಮೊಬೈಲ್ ಡೇಟಾದಿಂದ ಕಚೇರಿಯ ಐಪಿ ವಿಳಾಸಕ್ಕೆ ರಿಮೋಟ್ ಡೆಸ್ಕ್‌ಟಾಪ್ ಆ್ಯಪ್‌ನಲ್ಲಿ ಪ್ರಯತ್ನಿಸಿ. ವಿಪಿಎನ್ ಇಲ್ಲದೆಯೇ ಪಾಸ್‌ವರ್ಡ್ ಕೇಳಿತೆಂದರೆ, ಅದು ಜಗತ್ತಿನಲ್ಲಿ ಯಾರು ಬಂದರೂ ಹಾಗೆಯೇ ಕೇಳುತ್ತದೆ.

ಬೀಗ ಬಿದ್ದ ಫೈಲುಗಳನ್ನು ನಾವು ಅಳಿಸಿಲ್ಲ. ಐರೋಪ್ಯ ಒಕ್ಕೂಟದ ಪೊಲೀಸ್ ಸಂಸ್ಥೆ ಯೂರೋಪೋಲ್ ಮತ್ತು ಡಚ್ ಪೊಲೀಸರು ಭದ್ರತಾ ಸಂಸ್ಥೆಗಳ ಜೊತೆ ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತವಾಗಿ ಕೀಲಿ ಸಿಗುತ್ತದೆ, ಹೊಸವೂ ಆಗಾಗ ಸೇರುತ್ತಿರುತ್ತವೆ. ಮೂರು ತಿಂಗಳಿಗೊಮ್ಮೆ ಒಂದು ಫೈಲನ್ನು ಅಲ್ಲಿ ಹಾಕಿ ನೋಡುತ್ತೇನೆ. ನಮ್ಮದಕ್ಕೆ ಇನ್ನೂ ಸಿಕ್ಕಿಲ್ಲ.